ಚೌಕಿಯ ಮುಂದೆ ಸೈಕಲ್ಲಾಗುವ ಗಾಡಿ

ಪೊಲೀಸ್ ಚೌಕಿ ಇನ್ನೂ ಇಪ್ಪತ್ತು ಹೆಜ್ಜೆ ದೂರವಿರುವಾಗ ನನ್ನ ಮುಂದೆ ಹೋಗುತ್ತಿದ್ದವನ ಮೊಪೆಡ್ಡಿನ ಸದ್ದು ನಿಂತುಹೋಯಿತು. ಕೆಟ್ಟಿತೇನೋ ಅಂದುಕೊಂಡೆ. ಅವನು ಕೆಳಗಿಳಿಯಲಿಲ್ಲ. ಹಿಂದೆ ಸೀರೆಗಳ ಗಂಟು, ಹ್ಯಾಂಡಲಿಗೆ ಬುತ್ತಿಯ ಡಬ್ಬಿ. ಬೆನ್ನು ನೆಟ್ಟಗೆ ಮಾಡಿಕೊಂಡು ಪೆಡಲು ತುಳಿಯುತ್ತ, ಚೌಕಿಯ ಕಟ್ಟೆಯ ಮೇಲಿದ್ದ ಪೊಲೀಸರಿಗೆ ಗಂಭೀರವಾಗಿ ನಮಸ್ಕಾರ ಹಾಕಿ ದಾಟಿದ. ತಿರುವು ಮುಗಿದದ್ದೇ ಎಂಜಿನ್ ಮತ್ತೆ ಗುರ್ರೆಂದಿತು. ಅದು ಇಳಕಲ್ಲಿನಲ್ಲಿ ನನ್ನ ಮೂರನೆಯ ದಿನ.

ಪಕ್ಕದ ಮನೆಯ ಶಾಂತವ್ವನನ್ನು ಕೇಳಿದೆ. ಅವಳ ಗಂಡ ವೀರಣ್ಣ ನೇಕಾರ. ಅವರ ಮಗ್ಗಕ್ಕೂ ನನ್ನ ಅಡುಗೆಮನೆಗೂ ನಡುವೆ ಒಂದೇ ಗೋಡೆ.

"ಚೌಕಿ ಮುಂದ ಅದು ಸೈಕಲ್ ರೀ ಅಕ್ಕಾರ," ಅಂದಳು. "ತುಳದ್ರ ಸೈಕಲ್, ತುಳೀದಿದ್ರ ಗಾಡಿ. ಸೈಕಲ್‌ಗೆ ಯಾರರ ಲೈಸನ್ ತಗೋತಾರೇನು?"

ಲೈಸನ್ ಎಂದರೆ ಲೈಸೆನ್ಸು. ನಾನು ನಕ್ಕೆ. ಆದರೆ ಒಳಗೊಳಗೇ ಅಂಜಿದೆ. ಮಂಗಳೂರಿನ ಕಾನ್ವೆಂಟಿನಲ್ಲಿ, ಸಿಸ್ಟರ್ ಕಣ್ಣಿಗೆ ಬೀಳದಿದ್ದರೂ ಮೆಟ್ಟಿಲ ಎಡಬದಿಯಲ್ಲೇ ಇಳಿಯುತ್ತಿದ್ದ ಹುಡುಗಿ ನಾನು.

ಎಂಬತ್ತರ ದಶಕದ ಶುರುವಿನಲ್ಲಿ ನನ್ನ ಯಜಮಾನರಿಗೆ ಬ್ಯಾಂಕಿನಿಂದ ಇಲ್ಲಿಗೆ ವರ್ಗವಾಯಿತು. ನಮ್ಮಲ್ಲಿ ಹೆಂಚಿನ ಮಾಡು, ಇಲ್ಲಿ ಮಣ್ಣಿನ ಮಾಳಿಗೆ. ನಮ್ಮಲ್ಲಿ ಒಗೆದ ಬಟ್ಟೆ ಎರಡು ದಿನ ಒಣಗದು, ಇಲ್ಲಿ ಹಿಂಡಿ ಹರವುವಷ್ಟರಲ್ಲಿ ಹಪ್ಪಳ. ಗಂಜಿ ಕುಡಿದು ಬೆಳೆದ ನನಗೆ ರೊಟ್ಟಿ ಬಡಿಯುವ ಸದ್ದಿಗೂ ಭಯವಿತ್ತು, ಯಾರೋ ಬಾಗಿಲು ಗುದ್ದಿದಂತೆ ಕೇಳುತ್ತಿತ್ತು. ಮೊದಲ ರೊಟ್ಟಿ ಹರಿಯದೆ ಹಂಚಿಗೆ ಬಿದ್ದ ದಿನ ಶಾಂತವ್ವ ಓಣಿಗೆಲ್ಲ ಸುದ್ದಿ ಮುಟ್ಟಿಸಿದಳು. ಹೊರಗಿನವಳು ಎಂಬ ಗೆರೆ ಅಂದು ಒಂದಿಷ್ಟು ಅಳಿಸಿತು. ಅದು ಮತ್ತೆ ಮೂಡೀತೆಂಬ ಅಂಜಿಕೆ ಮಾತ್ರ ನನ್ನನ್ನು ಬಿಡಲಿಲ್ಲ.

ಇವರ ಮೊಪೆಡ್ ಮನೆಯಲ್ಲೇ ನಿಂತಿರುತ್ತಿತ್ತು. ಗುಡೂರು, ಹುನಗುಂದದ ಕಡೆಗೆಲ್ಲ ಬ್ಯಾಂಕಿನ ಜೀಪು ಹೋಗುತ್ತಿತ್ತು. ಮಗಳು ಶೀಲಾಳ ಶಾಲೆ ಊರಿನ ಆ ತುದಿಗೆ. ಬಿಸಿಲಲ್ಲಿ ನಡೆದು ಅವಳ ಮೂಗಿನಿಂದ ಎರಡು ಸಲ ರಕ್ತ ಬಂದ ಮೇಲೆ ನಾನು ಗಾಡಿ ಕಲಿತೆ.

"ಮೊದಲು ಕಲಿಯುವವರ ಲೈಸೆನ್ಸು, ಮುಂದೆ ಹಿಂದೆ ಕೆಂಪು ಎಲ್ ಬೋರ್ಡು, ಆಮೇಲೆ ಪರೀಕ್ಷೆ," ಎಂದು ಇವರು ಅರ್ಜಿ ತಂದುಕೊಟ್ಟರು. ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರರು ತಿಂಗಳಿಗೊಮ್ಮೆ ಬಾಗಲಕೋಟೆಗೆ ಬರುತ್ತಿದ್ದರು. ಅರ್ಜಿ ತುಂಬುತ್ತಿದ್ದಾಗ ಶಾಂತವ್ವ ಬಂದಳು.

"ಇಷ್ಟು ಸಣ್ಣ ಗಾಡಿಗಿ ಬಾಗಲಕೋಟಿತನ? ನಮ್ಮ ಓಣ್ಯಾಗ ಒಬ್ಬರ ಹತ್ರನೂ ಇಲ್ರಿ. ನೀವೊಬ್ರ ಶಾಣ್ಯಾರು," ಎಂದು ನಕ್ಕಳು.

ಆ ನಗುವಿಗೆ ಹೆದರಿ ಅರ್ಜಿಯನ್ನು ಟ್ರಂಕಿನಲ್ಲಿಟ್ಟೆ. ಎರಡು ತಿಂಗಳು ಓಣಿಯವರಂತೆ ನಾನೂ ಚೌಕಿಯ ಮುಂದೆ ಪೆಡಲು ತುಳಿದೆ. ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ, ಶೀಲಾಳ ಪುಟ್ಟ ಕೈಗಳು ಹೊಟ್ಟೆಯನ್ನು ತಬ್ಬಿರಲು, ಬಾಯಲ್ಲಿ ಜಪಮಾಡುತ್ತ.

ಒಂದು ಬೆಳಗ್ಗೆ ಶೀಲಾಳನ್ನು ಶಾಲೆಗೆ ಬಿಟ್ಟು ಒಬ್ಬಳೇ ಬರುತ್ತಿದ್ದೆ. ಚೌಕಿ ಇನ್ನೂ ಕಾಣದ, ನಮ್ಮ ಓಣಿಯ ಹಿಂದಿನ ತಿರುವಿನಲ್ಲೇ ಎಂಜಿನ್ ಆರಿಸಲು ತಲೆ ಬಗ್ಗಿಸಿದೆ. ಕೈ ಬೆವರಿ ಜಾರಿತು, ಗಾಡಿ ಮುಂದಕ್ಕೆ ನುಗ್ಗಿತು. ತಲೆ ಎತ್ತುವಷ್ಟರಲ್ಲಿ ಗಂಗವ್ವ ನೆಲದ ಮೇಲಿದ್ದಳು. ಓಣಿಯ ಮಗ್ಗಗಳಿಗೆಲ್ಲ ಕಂಡಿಕೆ, ಅಂದರೆ ಲಾಳಿಗೆ ಹಾಕುವ ನೂಲಿನ ಸುರುಳಿ, ಸುತ್ತಿಕೊಡುವ ಮುದುಕಿ. ಬುಟ್ಟಿಯಿಂದ ಕೆಂಪು, ಕಪ್ಪು ಸುರುಳಿಗಳು ಉರುಳಿ ನೂಲು ರಸ್ತೆಗೆಲ್ಲ ಹರಡಿತ್ತು. ಅವಳ ಬಲಗೈ ಮಣಿಕಟ್ಟು ಬೇರೆಯವರದ್ದೆಂಬಂತೆ ತಿರುಗಿ ಬಿದ್ದಿತ್ತು.

ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು. ಆ ಮೌನಕ್ಕೆ ಹೆದರಿದಷ್ಟು ಇನ್ನಾವುದಕ್ಕೂ ನಾನು ಹೆದರಿದ್ದಿಲ್ಲ.

ಜನ ಓಡಿ ಬಂದರು. ಯಾರೂ ನನಗೆ ಬೈಯಲಿಲ್ಲ. ಇಬ್ಬರು ಗಂಗವ್ವನನ್ನು ಎತ್ತಿ ದವಾಖಾನೆಗೆ ಕರೆದೊಯ್ದರು. ವೀರಣ್ಣ ನನ್ನ ಮೊಪೆಡ್ಡನ್ನು ತಳ್ಳಿಕೊಂಡು ತನ್ನ ಮನೆಯೊಳಗೆ ಹೋದ. ಹೊರಗೆ ಬಂದಾಗ ಅವನ ಕೈಯಲ್ಲಿ, ಅವರ ಜೊತೆಗೇ ಇದ್ದ ಶಾಂತವ್ವನ ತಮ್ಮನ ಸೈಕಲ್ಲಿತ್ತು. ಅದನ್ನು ನೂಲಿನ ಮಧ್ಯೆ ಒರಗಿಸಿ, ಮುಂದಿನ ಚಕ್ರವನ್ನು ಕಾಲಿನಿಂದ ಒದ್ದು ಸೊಟ್ಟ ಮಾಡಿದ.

"ನೀವು ಸೈಕಲ್ ಮ್ಯಾಲಿದ್ರಿ," ಎಂದ ಮೆಲ್ಲಗೆ. "ಮುಂದಿಂದು ನಾವು ನೋಡ್ಕೋತೇವಿ."

ಸಂಜೆ ಫೌಜದಾರರು ದವಾಖಾನೆಗೇ ಬಂದರು. ಸಬ್ ಇನ್‌ಸ್ಪೆಕ್ಟರರನ್ನು ಇಲ್ಲಿ ಹಾಗೆ ಕರೆಯುತ್ತಾರೆ. ಗಂಗವ್ವನ ಕೈಗೆ ಪಟ್ಟಿ ಕಟ್ಟಿಯಾಗಿತ್ತು. ಬಾಗಿಲಲ್ಲಿ ಓಣಿಯ ಆರೇಳು ಜನ.

"ಏನ್ ಬಡೀತಬೇ ಮುದುಕಿ?"

"ಸೈಕಲ್ ಬಡೀತ್ರಿ. ಪರಊರಿನ ಹೆಣ್ಣಮಗಳು, ತುಳಿಯಾಕ ಬರೂದಿಲ್ಲ ಆಕಿಗಿ," ಎಂದಳು ಗಂಗವ್ವ. ನೋವಿನಲ್ಲೂ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

"ಹೌದ್ರಿ ಸಾಹೇಬ್ರ, ಸೈಕಲ್ಲ," ಎಂದಿತು ಬಾಗಿಲು ಒಂದೇ ದನಿಯಲ್ಲಿ.

ಫೌಜದಾರರ ಜೊತೆಗಿದ್ದ ಪೊಲೀಸಿನವನು ಬರೆದುಕೊಂಡು ಕಾಗದವನ್ನು ನನ್ನೆದುರು ಹಿಡಿದ. ಲೈಸೆನ್ಸಿಲ್ಲದೆ ಗಾಡಿ ಓಡಿಸಿ ಒಬ್ಬರ ಕೈ ಮುರಿದವಳ ಗತಿ ಏನು, ಇವರ ನೌಕರಿಯ ಗತಿ ಏನು ಎಂದೇ ಬೆಳಗಿನಿಂದ ಯೋಚಿಸುತ್ತಿದ್ದೆ. ಸಹಿ ಮಾಡಿದರೆ ಎಲ್ಲವೂ ಮುಗಿಯುತ್ತಿತ್ತು. ಪೆನ್ನು ಹಿಡಿದೆ ಕೂಡ. ಆದರೆ ಸುಳ್ಳಿನ ಕೆಳಗೆ ನನ್ನ ಹೆಸರು ಬರೆಯುವುದು ಇನ್ನೂ ದೊಡ್ಡ ಹೆದರಿಕೆಯಾಯಿತು. ಅದು ಧೈರ್ಯವಲ್ಲ. ಒಂದು ಭಯ ಇನ್ನೊಂದು ಭಯವನ್ನು ಗೆದ್ದಿತು, ಅಷ್ಟೆ.

"ಸೈಕಲ್ ಅಲ್ಲ ಸರ್," ಎಂದೆ. "ಮೊಪೆಡ್. ಎಂಜಿನ್ ಚಾಲೂ ಇತ್ತು. ನನ್ನಲ್ಲಿ ಲೈಸೆನ್ಸಿಲ್ಲ."

ಫೌಜದಾರರು ಬಾಗಿಲ ಕಡೆ ತಿರುಗಿದರು. "ಎಂಜಿನ್ ಬಂದ್ ಮಾಡಿ ತುಳದ್ರೂ ಅದು ಗಾಡಿನಽ. ಲೈಸನ್ ಬೇಕು, ನಂಬರ್ ಬೇಕು, ಇನ್ಶೂರನ್ಸ್ ಬೇಕು. ದಿನಾ ನನ್ನ ಮುಂದ ತುಳೀತೀರಲ್ಲ, ನನಗ ಗೊತ್ತಿಲ್ಲ ಅಂದ್ಕೊಂಡೀರೇನು?"

ಗಂಗವ್ವ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಅವಳನ್ನು ಆ ದಿನ ಎರಡನೆಯ ಸಲ ಕೆಡವಿದ್ದೇನೆ ಎಂದು ನನಗೆ ಆಗ ಹೊಳೆಯಿತು.

ಹುನಗುಂದದ ಕೋರ್ಟಿನಲ್ಲಿ ಕಟಕಟೆಯ ಕಟ್ಟಿಗೆ ಹಿಡಿದು ನಿಂತೆ. ತಪ್ಪೊಪ್ಪಿಕೊಂಡೆ. ದಂಡ ಹಾಕಿ ಬಿಟ್ಟರು. ಇವರ ನೌಕರಿಗೆ ಏನೂ ಆಗಲಿಲ್ಲ. ಹದಿನೈದು ದಿನ ಇವರು ಮಾತು ಕಡಿಮೆ ಮಾಡಿದರು, ಆಮೇಲೆ ಒಂದು ದಿನ ತಾವೇ ಗಾಡಿಗೆ ಎಲ್ ಬೋರ್ಡು ಕಟ್ಟಿದರು. ಬಾಗಲಕೋಟೆಯಲ್ಲಿ ಪರೀಕ್ಷೆ ಪಾಸಾದೆ. ಅಲ್ಲಿದ್ದ ಹೆಂಗಸು ನಾನೊಬ್ಬಳೇ.

ಗೋಡೆಯ ಆಚೆ ಮಗ್ಗ ಎಂದಿನಂತೆ ಕಟಕಟ ಎನ್ನುತ್ತಿತ್ತು, ಆದರೆ ಶಾಂತವ್ವ ಬರುತ್ತಿರಲಿಲ್ಲ. ನಾನು ನಳದ ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಗಂಗವ್ವನ ಮನೆಗೆ ದಿನಾ ಅನ್ನ, ಸಾರು ಒಯ್ದೆ. ಅವಳು ಉಣ್ಣುತ್ತಿದ್ದಳು, ಮಾತಾಡುತ್ತಿರಲಿಲ್ಲ. ಕೈಯ ಪಟ್ಟಿ ಬಿಚ್ಚಿದ ದಿನ ಮಾತ್ರ ಹೇಳಿದಳು:

"ನೀ ಹೇಳಿದ್ದು ಖರೆ ಇರಬಹುದು ತಂಗಿ. ನಾ ಹೇಳಿದ್ದು ನಿನ್ನ ಸಲುವಾಗಿ."

ಬೇಸಿಗೆಯ ರಜೆಯಲ್ಲಿ ಮಂಗಳೂರಿಗೆ ಹೋದೆ. ಅಮ್ಮನ ಮನೆಯ ಜಗಲಿಯಲ್ಲಿ ಇದನ್ನೆಲ್ಲ ಹೇಳಿದಾಗ ಅಕ್ಕ ನನ್ನ ಬೆನ್ನು ತಟ್ಟಿದಳು. "ಭಾರೀ ಒಳ್ಳೆಯದು ಮಾಡಿದೆ. ಎಂಥ ಸುಳ್ಳುಬುರುಕರು ಮಾರಾಯ್ತಿ ಆ ಊರಿನವರು," ಅಂದಳು. ಎಲ್ಲರೂ ನಕ್ಕರು. ಚಕ್ರ ಒದ್ದ ಕತೆಯನ್ನು ಇನ್ನೊಮ್ಮೆ ಹೇಳಿಸಿದರು. ಹೇಳಿದೆ. ಅಕ್ಕನ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಇನ್ನೂ ಹೆಚ್ಚು. ಸೊಟ್ಟಗಾದ ಆ ಸೈಕಲ್ಲು ಶಾಂತವ್ವನ ಮನೆಗೆ ಇದ್ದದ್ದೊಂದೇ ಎಂಬುದನ್ನು ನಾನು ಹೇಳಿರಲಿಲ್ಲ. ಆ ರಾಶಿ ರಾಶಿ ಹಸುರಿನ ನಡುವೆ ಕುಳಿತು, ವಾಪಸು ಹೋಗುವ ದಿನ ಎಣಿಸಿದೆ. ಹೋಗಲೂ ಹೆದರಿಕೆ.

ಇಳಕಲ್ಲಿನ ಹತ್ತಿರದ ಅಮೀನಗಡ ದಾಟಿದ ಮೇಲೆ ಬಸ್ಸಿನಲ್ಲಿ ಶೀಲಾಳನ್ನು ಮಡಿಲಿಗೆ ಎಳೆದುಕೊಂಡೆ. ಇಳಕಲ್ಲಿನ ನಿಲ್ದಾಣದಲ್ಲಿ ಶಾಂತವ್ವ ನಿಂತಿದ್ದಳು, ಬೇರೆ ಯಾರನ್ನೋ ಬಸ್ಸು ಹತ್ತಿಸಲು ಬಂದವಳು. ನನ್ನನ್ನು ಕಂಡು ಹೊರಳಿ ಹೋಗಲಿಲ್ಲ. ಶೀಲಾಳ ಕೆನ್ನೆ ಹಿಂಡಿದಳು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿಮ್ಮೂರಾಗ ನಮ್ಮ ಸುದ್ದಿ ಏನ್ ಹೇಳಿದ್ರಿ ಅಕ್ಕಾರ?"

"ಏನೂ ಹೇಳಲಿಲ್ಲ ಶಾಂತವ್ವ."

"ಖರೇನಽ?"

"ಖರೆ," ಎಂದೆ.

ಅವಳು ಸ್ವಲ್ಪ ಹೊತ್ತು ನನ್ನ ಕಣ್ಣನ್ನೇ ನೋಡಿದಳು. ಆಮೇಲೆ ಕೈ ಚಾಚಿ ನನ್ನ ಚೀಲ ತೆಗೆದುಕೊಂಡು ಮುಂದೆ ನಡೆದಳು.