ಬಂದೂಕಿನ ಸುಳಿ

ಮಾವನಿಗೆ ಬಂದೂಕು ಕೊಳ್ಳಲು ಆ ಸಂಜೆ ಐದರವರೆಗೆ ಮಾತ್ರ ಅವಕಾಶವಿತ್ತು. ಅಷ್ಟರೊಳಗೆ ಕೊಂಡು ಅದರ ನಂಬರನ್ನು ಲೈಸೆನ್ಸಿನಲ್ಲಿ ಬರೆಸದಿದ್ದರೆ, ವರ್ಷಗಟ್ಟಲೆ ಕಚೇರಿ ಅಲೆದು ಪಡೆದ ಲೈಸೆನ್ಸು ರದ್ದಾಗುತ್ತಿತ್ತು. ಇಷ್ಟು ಖಚಿತ, ಏಕೆಂದರೆ ಆ ಕಾಗದದ ಜೆರಾಕ್ಸ್ ನನ್ನ ಬಳಿ ಇದೆ. ಉಳಿದದ್ದಕ್ಕೆಲ್ಲ ನನ್ನ ನೆನಪೊಂದೇ ಸಾಕ್ಷಿ. ಇತಿಹಾಸದಲ್ಲಿ ಎಂ.ಎ. ಮಾಡಿದ ನಾನು ಬೇರೆಯವರಿಂದ ಅಂಥ ಸಾಕ್ಷಿಯನ್ನು ಒಪ್ಪುವುದಿಲ್ಲ.

ಮಾವ ಎಂದರೆ ನನ್ನ ತಾಯಿಯ ತಮ್ಮ. ಮನೆ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ, ಗದ್ದೆ ಹರಿಹರ ತಾಲೂಕಿನ ಸಾರಥಿಯಲ್ಲಿ. ಅವರ ತಂದೆ, ಅಂದರೆ ನನ್ನಜ್ಜ, ಹಿಂದೆ ಕೊಂಡಜ್ಜಿ ಕೆರೆಯಲ್ಲಿ ಕಾಡುಬಾತು ಹೊಡೆಯುತ್ತಿದ್ದರಂತೆ. ಹೊಡೆದದ್ದನ್ನು ಯಾರು ತಿಂದರು ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ನಾವು ಮೊಟ್ಟೆಯನ್ನೂ ಮನೆಯೊಳಗೆ ತರದ ಜನ. ಈಗ ಬೇಟೆಗೆ ನಿಷೇಧವಿದೆ. ಮಾವನಿಗೆ ಸಿಕ್ಕಿದ್ದು ಬೆಳೆ ಕಾಯುವುದಕ್ಕೆ ಕೊಡುವ ಲೈಸೆನ್ಸು. ಗದ್ದೆಯಲ್ಲಿ ಭತ್ತ ಹಾಲುಗಟ್ಟಿತ್ತು. ಹಿಂದಿನ ಬೆಳೆಯಲ್ಲಿ ಕಾಲುಭಾಗ ಹಕ್ಕಿಗಳ ಪಾಲಾಗಿತ್ತು. ತಗಡು ಬಡಿದದ್ದೂ ಆಗಿತ್ತು, ರಿಬ್ಬನ್ ಕಟ್ಟಿದ್ದೂ ಆಗಿತ್ತು.

"ಯಾವ ಹಕ್ಕಿಗೆ ಬೇಕ್ರಿ?" ಎಂದರು ದಾವಣಗೆರೆಯ ಬಂದೂಕಿನ ಅಂಗಡಿಯ ಹಿರಿಯ ಸಾಬರು.

"ಎಲ್ಲಾ ಹಕ್ಕಿಗೂ. ಆದ್ರ ಒಂದಕ್ಕೂ ತಗಲಬಾರ್ದು" ಎಂದರು ಮಾವ.

"ಅಂಥಾದ್ದು ಬ್ಯಾರೆ ಬರಾದಿಲ್ಲ ಯಜಮಾನ್ರೆ. ತಗಲ್ದಂಗೆ ಹೊಡಿಯಾದು ನಿಮ್ ಕೈಯಾಗೈತೆ."

ಅಂಗಡಿಯಲ್ಲಿದ್ದದ್ದು ಎರಡೇ: ಒಂದು ಒಂಟಿ ನಳಿಗೆಯದು, ಒಂದು ಜೋಡಿ ನಳಿಗೆಯದು. ತೂಕ, ನಳಿಗೆಯ ಉದ್ದ, ಮರದ ಹಿಡಿ ಹೆಗಲಿಗೆ ಕೂರುವ ಬಗೆ ಎಲ್ಲವನ್ನೂ ನಾನು ವಾರವಿಡೀ ಇಂಟರ್‌ನೆಟ್ಟಿನಲ್ಲಿ ಓದಿಕೊಂಡು ಹೋಗಿದ್ದೆ. ಮಾವ ಅದೇನನ್ನೂ ಕೇಳಲಿಲ್ಲ.

"ಸದ್ದು ಹೆಂಗೈತೆ?" ಎಂದರು.

ಬಜಾರಿನ ನಡುವೆ ಗುಂಡು ಹಾರಿಸುವಂತಿರಲಿಲ್ಲ. ಸಾಬರು ಗಂಟಲು ಸರಿಮಾಡಿಕೊಂಡು ಒಂಟಿ ನಳಿಗೆಯನ್ನು ತೋರಿಸಿ "ಢಪ್" ಎಂದರು. ಜೋಡಿ ನಳಿಗೆಗೆ ಕಣ್ಣು ಮುಚ್ಚಿ, ಎದೆಯುಬ್ಬಿಸಿ, "ಢಮ್ಮಾರ್" ಎಂದರು. ಪಕ್ಕದ ಅಂಗಡಿಯವನು ಇಣುಕಿ ನೋಡಿ ಹೋದ.

"ಢಪ್ ಅಂದ್ರ ಗುಬ್ಬಿನೂ ತಲಿ ಎತ್ತಾದಿಲ್ಲ" ಎಂದು ಮಾವ ಜೋಡಿ ನಳಿಗೆಯನ್ನು ಕೈಗೆತ್ತಿಕೊಂಡರು. ಟ್ರ್ಯಾಕ್ಟರ್ ಬರುವವರೆಗೆ ಎತ್ತು ಕೊಳ್ಳುವುದರಲ್ಲಿ ಅವರದು ಎತ್ತಿದ ಕೈ. ಮೈಮೇಲಿನ ಕೂದಲ ಸುಳಿ ನೋಡಿಯೇ ಎತ್ತಿನ ಗುಣ ಹೇಳುತ್ತಿದ್ದರು. ಈಗ ಬಂದೂಕಿನ ಹಿಡಿಯನ್ನು ಎತ್ತಿನ ಬೆನ್ನು ಸವರಿದಂತೆ ಸವರಿ, ಒಂದು ಕಡೆ ಬೆರಳು ನಿಲ್ಲಿಸಿದರು.

"ಸುಳಿ ಐತೆ."

"ಮರದ ಗೆರೆ ಅದು, ಮಾವ."

"ಹಿಂಗಾಲಿನ ಸುಳಿ ಅಳಿಯ. ಕಟ್ಟಿದ ಮನೀನ ಖಾಲಿ ಮಾಡಿಸ್ತೈತೆ."

"ಇದೇನ್ ಎತ್ತಾ?"

"ನಾನ್ಯಾವಾಗ ಎತ್ತು ಅಂದೆ?"

ಗಡಿಯಾರದಲ್ಲಿ ನಾಲ್ಕೂವರೆಯಾಗಿತ್ತು. ಮಾವ ಲೈಸೆನ್ಸನ್ನು ಪ್ಲಾಸ್ಟಿಕ್ ಕವರಿಗೆ ಹಾಕತೊಡಗಿದರು. "ಹೋಗ್ಲಿ ಬಿಡು. ಹಕ್ಕಿನೂ ತಿನ್ಬೇಕಲ್ಲ" ಎಂದರು. ಆ ದನಿಗೆ ನಾನು ತಲೆ ತಗ್ಗಿಸಿದೆ.

ಸಾಬರು ಬಂದೂಕನ್ನು ವಾಪಸ್ ತೆಗೆದುಕೊಳ್ಳಲಿಲ್ಲ. "ಎತ್ತು ಯಾವ ಕಡಿಗೆ ನಡಿತೈತ್ರಿ?"

"ಮುಂದಕ್ಕ."

"ಬಂದೂಕು ಹಾರಿದ್ರ ಅದು ಯಾವ ಕಡಿಗೆ ಬರ್ತೈತೆ?"

"ಹಿಂದಕ್ಕ. ಹೆಗಲಿಗೆ ಒದಿತೈತೆ."

"ಅಂದ್ರ ಇದರ ಮುಖ ಯಾವ ಕಡಿಗಾತು?"

ಮಾವ ಬಂದೂಕನ್ನು ತಿರುಗಿಸಿ, ಹಿಡಿಯನ್ನೇ ಮುಖವೆಂಬಂತೆ ಬಹಳ ಹೊತ್ತು ದಿಟ್ಟಿಸಿದರು. "ಹಣಿ ಮ್ಯಾಲಿನ ಸುಳಿ" ಎಂದರು ಮೆಲ್ಲಗೆ. "ರಾಜಸುಳಿ."

ಈ ತರ್ಕ ಸಾಬರದೋ, ಕಥೆ ಹೇಳುತ್ತ ಹೇಳುತ್ತ ನಾನೇ ಹೊಸೆದದ್ದೋ ಎಂಬ ಅನುಮಾನ ನನಗಿದೆ. ಆದರೆ ಐದು ಗಂಟೆಯೊಳಗೆ ನಂಬರು ಬರೆಸಿದ್ದು ನಿಜ.

ಮರುದಿನ ಬೆಳಗ್ಗೆ ಸಾರಥಿಗೆ ಹೋದೆವು. ಮಾವ ತೋಟಾ ತುಂಬಿ, ಬದುವಿನ ಮೇಲೆ ನಿಂತು ಬಂದೂಕನ್ನು ಹೆಗಲಿಗಿಟ್ಟರು. ಗದ್ದೆಯ ತುಂಬ ಹಕ್ಕಿ. ಎದುರಿನ ಬದುವಿನಲ್ಲಿ ಒಂದು ನವಿಲು ನಮ್ಮನ್ನೇ ನೋಡುತ್ತಿತ್ತು.

"ಮ್ಯಾಲಕ್ಕ ಹೊಡಿರಿ, ಮಾವ" ಎಂದೆ.

"ಮ್ಯಾಲೂ ಅದಾವಲ್ಲೋ."

ಇನ್ನಷ್ಟು ಹೊತ್ತು ಹಾಗೇ ನಿಂತಿದ್ದರು. ಆಮೇಲೆ "ಢಮ್ಮಾರ್" ಎಂಬ ಸದ್ದು ಬಂತು. ಗದ್ದೆಗೆ ಗದ್ದೆಯೇ ಎದ್ದಂತೆ ಹಕ್ಕಿಗಳು ಹಾರಿದವು, ನವಿಲೂ ಓಡಿತು. ಮದ್ದಿನ ವಾಸನೆ ನನಗೆ ಈಗಲೂ ನೆನಪಿದೆ. ಗುಂಡು ಹಾರಿಸಿದೆ ಎಂದು ಮಾವನೂ ಹೇಳುತ್ತಾರೆ. ಆದರೆ ಬಂದೂಕಿನ ಜೊತೆ ಕೊಂಡ ತೋಟಾಗಳಲ್ಲಿ ಒಂದೂ ಕಡಿಮೆಯಾಗಿಲ್ಲ. ಡಬ್ಬಿ ತೆರೆದು ನಾನೇ ನೋಡಿದ್ದೇನೆ.

ಮಾವ ದಿನಾ ಬೆಳಗ್ಗೆ ಬಂದೂಕು ಹಿಡಿದು ಗದ್ದೆಗೆ ಹೋದರು. ಆ ಸಲ ಭತ್ತ ಉಳಿಯಿತು. ಕಟ್ಟಿದ ಅವರ ಗಂಟಲು ಮಾತ್ರ ಸುಗ್ಗಿಯವರೆಗೂ ಬಿಡಲಿಲ್ಲ.