ದೇವರ ಕೋಣೆಯ ವಕೀಲಮ್ಮ

ವಕೀಲಮ್ಮನ ಕರಿಕೋಟಿನ ಭುಜದ ಮೇಲೆ ಯಾವಾಗಲೂ ಹಿಟ್ಟು ಇರುತ್ತಿತ್ತು. ಒಂದು ದಿನ ರಾಗಿ ಹಿಟ್ಟು, ಒಂದು ದಿನ ಗೋಧಿ ಹಿಟ್ಟು, ನಮ್ಮ ಕಡೆಯವರು ಗಿರಣಿಗೆ ಬಂದ ದಿನ ಜೋಳದ ಹಿಟ್ಟು. ಚಂದಾಪುರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಕೆಳಗೆ ಸಾಲಾಗಿ ಮಳಿಗೆಗಳು. ಒಂದರಲ್ಲಿ ಹಿಟ್ಟಿನ ಗಿರಣಿ, ಇನ್ನೊಂದರಲ್ಲಿ ಮೊಬೈಲ್ ರಿಪೇರಿ, ಎರಡರ ನಡುವೆ ವಕೀಲಮ್ಮನ ಆಫೀಸು. ಗೋಡೆ ಅಂದರೆ ಬರೀ ಪ್ಲೈವುಡ್ ಹಲಗೆ. ಬೆಳಿಗ್ಗೆ ಕೋರ್ಟಿಗೆ ಹೊರಡುವ ಮುಂಚೆ ಆಕೆ ಕೋಟನ್ನು ರಸ್ತೆಗೆ ತಂದು ಪಟಪಟ ಬಡಿದು ಕೊಡವುತ್ತಿದ್ದರು. ಮೇಲೆ ಬಿಲ್ವಪತ್ರೆಯ ಕುಂಡಕ್ಕೆ ನೀರು ಹಾಕುತ್ತಿದ್ದ ನಾನು ಆ ಸದ್ದು ಕೇಳಿದ ಮೇಲೇ ಮಕ್ಕಳನ್ನು ಸ್ಕೂಲ್ ವ್ಯಾನಿಗೆ ಓಡಿಸುತ್ತಿದ್ದೆ.

"ಮೇಡಂ, ಎಷ್ಟು ಕೊಡವಿದರೂ ಇನ್ನೂ ಐತ್ರಿ ಬೆನ್ನಮ್ಯಾಲೆ" ಎಂದು ಮೇಲಿನಿಂದ ಕೂಗಿದರೆ, ಆಕೆ ತಲೆಯೆತ್ತಿ ನಗುವರು.

"ಇರ್ಲಿ ಬಿಡಮ್ಮ. ಫ್ಯಾನ್ ಗಾಳಿಗೆ ಹಾರಿ ಎದುರು ವಕೀಲರಿಗೆ ಸೀನು ಬಂದ್ರೆ ನನಗೇ ಲಾಭ."

ಐವತ್ತರ ಆಸುಪಾಸು, ಆನೇಕಲ್ ಕಡೆಯ ಮಾತು, ರಸ್ತೆಯಾಚೆಗೂ ಕೇಳುವಂಥ ನಗು. ಕೊರಳಲ್ಲಿ ಸದಾ ಇಯರ್‌ಫೋನಿನ ವೈರು ನೇತಾಡುತ್ತಿತ್ತು. ಈಗೆಲ್ಲ ವೈರಿಲ್ಲದ್ದೇ ಬಂದಿದೆಯಲ್ಲ ಎಂದು ಒಮ್ಮೆ ಕೇಳಿದ್ದಕ್ಕೆ, "ಅದರ ಸಹವಾಸ ಬೇಡಮ್ಮ. ಒಂದ್ಸಲ ಹಾಕ್ಕೊಂಡಿದ್ದೆ. ನನ್ನ ಕೇಸಿನ ಪಾರ್ಟಿ ಮಾತಾಡಿದ್ದು ಪಕ್ಕದ ಮೊಬೈಲ್ ಅಂಗಡಿ ಸ್ಪೀಕರಲ್ಲಿ ಬಂತು. ಪುಣ್ಯಕ್ಕೆ ಆ ಪಾರ್ಟಿ ಅವತ್ತು 'ಊಟ ಆಯ್ತಾ ಮೇಡಂ' ಅಂತಷ್ಟೇ ಕೇಳಿದ್ದ" ಎಂದಿದ್ದರು.

ಅಂಥವರ ಅಗತ್ಯ ನಮಗೇ ಬೀಳುತ್ತದೆ ಎಂದು ಯಾರೂ ಎಣಿಸಿರಲಿಲ್ಲ. ನಾವು ಬಾಗಲಕೋಟೆ ಕಡೆಯಿಂದ ದುಡಿಯಲು ಬಂದವರು. ನನ್ನ ಮೈದುನ ಒಂದು ಮೋಟಾರು ಕಾರ್ಖಾನೆಯಲ್ಲಿದ್ದ. ಆ ಕೆಲಸ ಕೊಡಿಸಿದ್ದು ನಮ್ಮ ಅತ್ತೆಯ ಅಣ್ಣನ ಮಗ. ಅವನು ಅಲ್ಲೇ ಸೂಪರ್‌ವೈಸರ್. ಕಾರ್ಖಾನೆಯಲ್ಲಿ ತಾಮ್ರದ ತಂತಿ ಕಳುವಾಯಿತು. ತಂತಿ ಹೊರಗೆ ಹೋದ ಹೊತ್ತಿಗೆ ಗೇಟಿನಲ್ಲಿ ಉಜ್ಜಿದ್ದು ನನ್ನ ಮೈದುನನ ಕಾರ್ಡು. ಪೊಲೀಸರು ಬಂದು ಕರೆದೊಯ್ದರು. ಜಾಮೀನು ಸಿಗಲಿಲ್ಲ, ಜೈಲು ಸೇರಿದ. "ನಾ ಕದ್ದಿಲ್ಲ" ಎನ್ನುವುದನ್ನು ಬಿಟ್ಟರೆ ಅವನ ಬಾಯಿಂದ ಇನ್ನೊಂದು ಮಾತು ಬರಲಿಲ್ಲ. ಹಾಗಾದರೆ ಕಾರ್ಡು ಯಾರ ಕೈಯಲ್ಲಿತ್ತು ಎಂದು ಪೊಲೀಸರು ಕೇಳಿದರೆ ನೆಲ ನೋಡುತ್ತಿದ್ದನಂತೆ.

ಅತ್ತೆ ಮೆಟ್ಟಿಲ ಮೇಲೆ ಕುಳಿತು ಅಳುವುದನ್ನು ನೋಡಿ ವಕೀಲಮ್ಮ ತಾವಾಗಿಯೇ ಕೇಸು ಹಿಡಿದರು. ಮನೆಯ ಕೆಳಗೇ ವಕೀಲರಿದ್ದದ್ದು ಶ್ರೀಶೈಲದ ಮಲ್ಲಯ್ಯ ನಮಗೆ ಮೊದಲೇ ಮಾಡಿಟ್ಟಿದ್ದ ಉಪಕಾರ ಎಂದು ನಾನು ದೀಪ ಹಚ್ಚಿದೆ.

ಆ ಜೈಲಿನಲ್ಲಿ ಮನೆಯವರಿಗೆ ವಿಡಿಯೊ ಮುಲಾಕಾತ್ ಇತ್ತು, ಫೋನಿನಲ್ಲೇ ಭೇಟಿ. ಮೊದಲ ಸಲ ಅವನ ಮುಖ ಕಂಡಾಗ ಇಡೀ ಮನೆ ಫೋನಿನ ಮುಂದೆ ಮುಗಿಬಿತ್ತು. ನಮ್ಮವರಲ್ಲಿ ಹಾಗೆಯೇ, ಊರಿಂದ ಫೋನು ಬಂದರೂ ಒಬ್ಬರು ಮಾತಾಡುವುದಿಲ್ಲ, ಸ್ಪೀಕರಿಗೆ ಹಾಕಿ ಎಲ್ಲರೂ ಮಾತಾಡುತ್ತೇವೆ. ಅತ್ತೆ ವಿಭೂತಿಯನ್ನು ಫೋನಿನ ಗಾಜಿಗೇ ಹಚ್ಚಿಬಿಟ್ಟರು. ಫೋನು ಹಿಡಿದು ನಿಂತಿದ್ದವನು ಅತ್ತೆಯ ಅಣ್ಣನ ಮಗ. ಅವನಿಗೆ ಫೋನಿನ ವಿಷಯ ಚೆನ್ನಾಗಿ ಗೊತ್ತು. ದಿನಾ ಮೋಸಂಬಿ ಹಿಡಿದು ಬಂದು ಅತ್ತೆಗೆ ಧೈರ್ಯ ಹೇಳುತ್ತಿದ್ದ. "ಏನರ ಇದ್ರ ಹೇಳೋ, ನಾವೆಲ್ಲಾ ಇದ್ದೀವಿ" ಎಂದು ಅವನೇ ಮೈದುನನನ್ನು ಕೇಳಿದ. ಮೈದುನ ತಲೆ ಬಗ್ಗಿಸಿದವನು ಎತ್ತಲೇ ಇಲ್ಲ. ಅವನ ಬೆನ್ನ ಹಿಂದೆ ಜೈಲಿನ ಸಿಬ್ಬಂದಿಯೊಬ್ಬರು ಕೈಕಟ್ಟಿ ನಿಂತಿದ್ದರು.

ಕೆಲವು ದಿನ ಬಿಟ್ಟು ವಕೀಲರ ಕರೆಯ ಸರದಿ ಬಂತು. ವಕೀಲಮ್ಮ ಮೆಟ್ಟಿಲು ಹತ್ತಿ ಬಂದು, "ನನಗೆ ಬಾಗಿಲಿರೋ ಒಂದು ರೂಮು ಬೇಕು ಕಣಮ್ಮ. ಕೆಳಗೆ ನಾನು ಪಿಸುಗುಟ್ಟಿದರೂ ಗಿರಣಿಗೆ ಬಂದೋರಿಗೆಲ್ಲ ಕೇಳುತ್ತೆ" ಎಂದರು.

ನಮ್ಮ ಮನೆಯಲ್ಲಿ ಒಳಗಿಂದ ಚಿಲಕ ಹಾಕುವಂಥ ಜಾಗ ಎರಡೇ: ಬಚ್ಚಲು ಮತ್ತು ದೇವರ ಕೋಣೆ. ಉಳಿದೆಡೆ ಪರದೆ. ನಾನು ಸಂಕೋಚದಿಂದಲೇ ಹೇಳಿದೆ. ಆಕೆ ಬಚ್ಚಲ ಕಡೆ ಒಮ್ಮೆ ನೋಡಿ, "ದೇವರ ಹತ್ರಾನೇ ಕೂರ್ತೀನಿ" ಎಂದು ಕಾಲು ತೊಳೆಯಲು ಹೊರಟರು.

ನಾವೆಲ್ಲ ಹಿಂದೆಯೇ ಹೋದೆವು. ಅತ್ತೆ ಆಗಲೇ ಮಲ್ಲಯ್ಯನ ಫೋಟೊದ ಕೆಳಗೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ಅವರ ಅಣ್ಣನ ಮಗ ಫೋನು ಹಿಡಿಯಲು ಕೈ ಚಾಚಿದ.

"ಎಲ್ಲರೂ ಆಚೆ" ಎಂದರು ವಕೀಲಮ್ಮ.

"ನಾ ಹಡದಾಕಿ ಅದೀನ್ರಿ ವಕೀಲವ್ವ! ನನಗ ಹೊರಗ ನಿಲ್ಲು ಅಂತೀರೇನು?"

"ಹೆತ್ತೋರು ಅಂತಲೇ ಹೇಳ್ತಿರೋದು. ಅಮ್ಮನ ಮುಂದೆ ಯಾವ ಮಗ ಎಲ್ಲಾ ಬಾಯ್ಬಿಡ್ತಾನೆ ಹೇಳಿ?"

ಅಣ್ಣನ ಮಗ, "ನಾ ಒಬ್ಬಾಂವ ಇರ್ತೀನ್ರಿ ಮೇಡಂ, ಫೋನ್ ಹಿಡ್ಯಾಕ" ಎಂದ.

"ಯಾರೂ ಬೇಡಪ್ಪ. ನಿನ್ನ ಮೇಲೆ ಅನುಮಾನ ಅಂತಲ್ಲ, ಯಾರ ಮೇಲೂ ಇಲ್ಲ. ಅವನು ನನ್ನ ಹತ್ರ ಆಡೋ ಮಾತು ಅವನದು. ಅದಕ್ಕೆ ಇನ್ನೊಂದು ಕಿವಿ ಬೇಡ."

ಅತ್ತೆ ಗೊಣಗುತ್ತಾ ಹೊರಬಂದರು. "ದೇವರೂ ಕೇಳಿಸ್ಕೊಳ್ತಾನ, ಅವಂಗ ಹೊರಗ ಹೋಗು ಅಂತಾಳೇನು?" ಎಂದು ಬಾಗಿಲಿಗೆ ಕೇಳುವಂತೆಯೇ ಅಂದರು. ಒಳಗಿಂದ ಉತ್ತರ ಬಂತು: "ಅವನು ಯಾರಿಗೂ ಹೇಳಲ್ಲ ಬಿಡಿ ಅಮ್ಮ!"

ಕರೆ ಬಂದು ಸ್ವಲ್ಪ ಹೊತ್ತಿಗೇ ವಕೀಲಮ್ಮ ಫೋನು ಕಟ್ ಮಾಡಿ ಹೊರಬಂದರು. ಆ ಒಂದು ಕರೆಗಾಗಿ ನಾವು ದಿನಗಟ್ಟಲೆ ಕಾದಿದ್ದೆವು. ನನಗೆ ತಡೆಯಲಾಗಲಿಲ್ಲ.

"ಮೇಡಂ, ಆ ಜೈಲಿನ ಸಾಹೇಬರು ಹಿಂದಿಂದ ಸರಿಯೂದಿಲ್ಲಂದ್ರ ಹೋಗ್ಲಿ ಬಿಡಬೇಕಿತ್ರಿ. ರೆಕಾರ್ಡ್ ಆದ್ರ ಏನಾತು? ಹುಡುಗನ ಕೂಡ ನಾಕು ಮಾತರ ಆಡಬೇಕಿತ್ತು."

ವಕೀಲಮ್ಮ ನನ್ನನ್ನು ನೋಡಿದರು. ಬಾಗಿಲನ್ನು ನೋಡಿದರು. ಮತ್ತೆ ನನ್ನನ್ನು ನೋಡಿದರು.

"ಅವರು ಸರಿಯಲ್ಲ ಅಂದಿದ್ದು ನಿನಗೆ ಹೇಗೆ ಗೊತ್ತಾಯ್ತಮ್ಮ?"

ಗೊತ್ತಾಗದೆ ಏನು? ದೇವರ ಕೋಣೆಗೆ ಅಂಟಿದ ಅಡುಗೆಮನೆಯಲ್ಲಿ ನಿಂತಿದ್ದ ನನಗೆ ಆಕೆಯ ಪ್ರತಿ ಅಕ್ಷರ ಕೇಳಿತ್ತು. ಆಕೆ ಆ ಜೈಲಿನವರಿಗೆ, "ಸಾರ್, ಕಣ್ಣಿಗೆ ಕಾಣೋ ಹಾಗೆ ನಿಂತ್ಕೊಳ್ಳಿ, ಕಿವಿಗೆ ಕೇಳೋ ಹಾಗೆ ಬೇಡ. ಎದುರುಬದುರು ಭೇಟಿಯಾದಾಗ ಇರೋ ನಿಯಮ ಫೋನಲ್ಲೂ ಇರಬೇಕಲ್ವಾ?" ಎಂದದ್ದು; "ಆಚೆ ಹೋಗೋಕೆ ಆರ್ಡರ್ ಇಲ್ವಾ? ಎಲ್ಲಾ ಕರೇನೂ ರೆಕಾರ್ಡ್ ಆಗುತ್ತಾ?" ಎಂದು ಅವರ ಮಾತನ್ನೇ ತಿರುಗಿಸಿ ಕೇಳಿ, "ಹಾಗಾದ್ರೆ ಆರ್ಡರ್ ತರ್ತೀನಿ ಸಾರ್" ಎಂದು ಫೋನು ಇಟ್ಟದ್ದು, ಎಲ್ಲವೂ.

ವಕೀಲಮ್ಮ ಸೊಂಟಕ್ಕೆ ಕೈಯಿಟ್ಟು ಜೋರಾಗಿ ನಕ್ಕರು. "ಸರಿ ಹೋಯ್ತು! ಅಲ್ಲಿನ ಕಿವಿ ಮುಚ್ಚಿಸೋಕೆ ನಾನು ಕೋರ್ಟಿಗೆ ಹೋಗ್ತೀನಿ. ಇಲ್ಲಿನ ಕಿವಿ ಮುಚ್ಚಿಸೋಕೆ ನೀನೇನು ಮಾಡ್ತೀಯಾ?"

ನಾನು ಸುತ್ತ ನೋಡಿದೆ. ಕಟ್ಟೆಯ ಮೇಲೆ ಮಿಕ್ಸಿ ಕಂಡಿತು. ಮದುವೆಯಲ್ಲಿ ಬಂದ ಹಳೇ ಮಿಕ್ಸಿ. ಹಚ್ಚಿದರೆ ಕೆಳಗಿನ ಗಿರಣಿಯವನೇ ನಾಚಬೇಕು, ಅಂಥ ಸದ್ದು.

ಮುಂದಿನ ಕೆಲವು ದಿನ ನಮ್ಮ ಮನೆಯವರು ವಕೀಲಮ್ಮನ ಬೆನ್ನು ಬಿದ್ದರು. "ಏನೇನಾತು ಅಂತ ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕ್ರಿ ಮೇಡಂ, ಎಲ್ಲಾರಿಗೂ ಗೊತ್ತಾಕ್ಕೈತಿ" ಎಂದರೆ, "ಎಲ್ಲರಿಗೂ ಗೊತ್ತಾಗುತ್ತೆ ಅಂತಲೇ ಹಾಕಲ್ಲ ಕಣ್ರೀ" ಎನ್ನುವರು. ಕೋರ್ಟಿನಿಂದ ಆರ್ಡರ್ ಬಂದ ದಿನ ಮಾತ್ರ ಮೆಟ್ಟಿಲನ್ನು ಎರಡೆರಡೇ ಹಾರುತ್ತಾ ಬಂದರು. ವಕೀಲರ ಕರೆಯನ್ನು ರೆಕಾರ್ಡ್ ಮಾಡುವಂತಿಲ್ಲ, ಸಿಬ್ಬಂದಿ ಗಾಜಿನ ಬಾಗಿಲ ಆಚೆ ನಿಂತು ನೋಡಬಹುದು, ಅಷ್ಟೇ. "ನಿಮ್ಮ ಹುಡುಗನಿಗೆ ಮಾತ್ರ ಅಲ್ಲಮ್ಮ, ಅಲ್ಲಿರೋ ಎಲ್ಲರಿಗೂ!" ಎಂದು ಅತ್ತೆಯ ಕೈಹಿಡಿದು ಒಂದು ಸುತ್ತು ತಿರುಗಿಸಿಬಿಟ್ಟರು. ಅವರ ಕೋಟಿನಿಂದ ಹಿಟ್ಟು ಉದುರಿ ಹಾಲ್ ತುಂಬಾ ರಂಗೋಲಿ ಚೆಲ್ಲಿದಂತಾಯಿತು.

ಎರಡನೆಯ ಕರೆ. ವಕೀಲಮ್ಮ ಇಯರ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು ದೇವರ ಕೋಣೆಗೆ ಹೋಗಿ ಚಿಲಕ ಹಾಕಿದರು. ನಾನು ಹುರಿದ ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಮಿಕ್ಸಿ ಹಚ್ಚಿದೆ. ಹಾಲ್‌ನಲ್ಲಿ ಅತ್ತೆ ಬಾಯಿ ಆಡಿಸುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅಣ್ಣನ ಮಗ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತಿದ್ದವನು, "ಅಕ್ಕಾ, ಸ್ವಲ್ಪ ಬಂದ್ ಮಾಡ್ರಿ, ತಲಿ ನೋಯ್ತೈತಿ" ಎಂದು ಸನ್ನೆ ಮಾಡಿದ. ನಾನು ಇನ್ನೊಂದು ಹಿಡಿ ಶೇಂಗಾ ಹಾಕಿದೆ. ಒಂದು ಜಾರು ಮುಗಿದರೆ ಇನ್ನೊಂದು. ಜಾರು ಬಿಸಿಯಾಯಿತು, ಕೈ ಜೋಮು ಹಿಡಿಯಿತು. ಕರೆ ಮುಗಿಯುವ ಹೊತ್ತಿಗೆ ಬೀದಿಗೆಲ್ಲ ಹಂಚುವಷ್ಟು ಚಟ್ನಿಪುಡಿ ಆಗಿತ್ತು. ಈ ನಡುವೆ ಕರೆಂಟು ಒಮ್ಮೆಯೂ ಹೋಗಲಿಲ್ಲ. ಚಂದಾಪುರದಲ್ಲಿ ಅದು ಸಣ್ಣ ಕೃಪೆಯಲ್ಲ.

ವಕೀಲಮ್ಮ ಹೊರಗೆ ಬಂದರು. ಮುಖ ಎಂದಿನಂತೆಯೇ ಇತ್ತು.

"ಏನಂದಾನ್ರಿ ನಮ್ಮ ಹುಡುಗ?" ಎಂದ ಅಣ್ಣನ ಮಗ, ಮೋಸಂಬಿ ಸುಲಿಯುತ್ತಾ.

"ನಿಮ್ಮ ಅಕ್ಕನ ಮಿಕ್ಸಿ ಬೇರಿಂಗ್ ಹೋಗಿದೆ, ಬದಲಾಯಿಸಿ ಅಂದ" ಎಂದು ಅವನ ಕೈಯಿಂದ ಒಂದು ತೊಳೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. "ಚೆನ್ನಾಗಿದೆ ಹಣ್ಣು."

ಮರುದಿನ ಆಕೆ ಕೋರ್ಟಿನಲ್ಲಿ ಕೇಳಿದ್ದು ಒಂದೇ: ಕಾರ್ಖಾನೆಯ ಗೇಟಿನ ಕ್ಯಾಮೆರಾದಲ್ಲಿ ಆ ಹೊತ್ತಿನ ಚಿತ್ರ ಅಳಿಸಿಹೋಗುವ ಮೊದಲೇ ತರಿಸಿ ನೋಡಬೇಕು. ಕಾರ್ಡು ಸಿಕ್ಕಿದ ಮೇಲೆ ಅದನ್ನು ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ. ಚಿತ್ರ ಬಂತು. ಗಾಡಿಯಲ್ಲಿದ್ದವನ ತಲೆಯ ಮೇಲೆ ಮೈದುನನ ಹೆಲ್ಮೆಟ್ ಇತ್ತು, ಕೈಯಲ್ಲಿ ಮೈದುನನ ಕಾರ್ಡು ಇತ್ತು. ಗೇಟಿನವನ ಜೊತೆ ಮಾತಾಡಲು ಹೆಲ್ಮೆಟ್ ಎತ್ತಿದಾಗ ಕಂಡದ್ದು ಮಾತ್ರ ಅತ್ತೆಯ ಅಣ್ಣನ ಮಗನ ಮುಖ.

ನನ್ನ ಕಾರ್ಡು ಮರೆತೆ, ನಿನ್ನದು ಕೊಡು ಎಂದು ಅವನು ಮೈದುನನಿಂದ ಹೆಲ್ಮೆಟ್ ಸಮೇತ ಇಸಿದುಕೊಂಡಿದ್ದನಂತೆ. ಕೆಲಸ ಕೊಡಿಸಿದವನು, ಅವ್ವನ ತವರಿನವನು, ತಾನಾಗಿಯೇ ಒಪ್ಪಿಕೊಂಡಾನು ಎಂದು ಮೈದುನ ಕಾದಿದ್ದ. ವಿಡಿಯೊದಲ್ಲಿ ನೋಡಿದರೆ ಅವನೇ ಅವ್ವನ ಪಕ್ಕ ನಿಂತು ಫೋನು ಹಿಡಿದಿದ್ದಾನೆ! ಯಾರ ಹೆಸರು ಹೇಳಬೇಕೋ ಅವನ ಕೈಯಲ್ಲೇ ನಾವು ಫೋನು ಕೊಟ್ಟು, ಹೇಳಪ್ಪಾ ಹೇಳು ಎಂದು ಪ್ರೀತಿಯಿಂದ ಪೀಡಿಸಿದ್ದೆವು.

ಅಣ್ಣನ ಮಗ ಎಲ್ಲ ಒಪ್ಪಿಕೊಂಡ. ಮುಂದೆ ಅವನ ಪಾಲಿಗೆ ಬಂದದ್ದನ್ನು ಕೋರ್ಟು ಕೊಟ್ಟಿತು. ವಿಷಯ ತಿಳಿದ ಅತ್ತೆ ಎರಡು ದಿನ ಮಂಕಾಗಿ, ಮೂರನೆಯ ದಿನ ಮಳಿಗೆಗೆ ಇಳಿದುಹೋದರು. ನಾನೂ ಹಿಂದೆ ಹೋದೆ, ಜಗಳವಾದೀತೆಂದು.

"ನಿನಗ ಅವತ್ತ ಗೊತ್ತಿತ್ತು. ಗೊತ್ತಿದ್ದೂ ಅವನ ಕೈಯಾನ ಹಣ್ಣು ತಿಂದೆಲ್ಲ ವಕೀಲವ್ವ? ನನಗೊಂದು ಮಾತು ಹೇಳಲಿಲ್ಲಲ್ಲ?"

"ಅಮ್ಮನಿಗೆ ಹೇಳ್ಬೇಡಿ, ಹೆಸರು ನನ್ನ ಬಾಯಲ್ಲಿ ಬರೋದು ಬೇಡ, ಕ್ಯಾಮೆರಾ ನೋಡಲಿ ಅಂದಿದ್ದ ನಿಮ್ಮ ಮಗ. ಅವನು ಬೇಡ ಅಂದ್ಮೇಲೆ ಬೇಡ. ನಾಳೆ ನೀವೇ ಒಳಗೆ ಹೋದ್ರೂ, ನೀವು ಹೇಳಿದ್ದನ್ನ ಅವನಿಗೆ ಹೇಳಲ್ಲ."

"ನಾ ಯಾಕ ಒಳಗ ಹೋಗ್ಲಿ? ಬಾಯಾಗ ಮಣ್ಣ ಹಾಕ!" ಎಂದು ಅತ್ತೆಗೆ ಸಿಟ್ಟೂ ನಗುವೂ ಒಟ್ಟಿಗೇ ಬಂತು. ಏನು ಮಾಡಬೇಕೋ ತಿಳಿಯದೆ ಕುರ್ಚಿಯ ಮೇಲಿದ್ದ ಕರಿಕೋಟನ್ನು ಎತ್ತಿಕೊಂಡು ರಸ್ತೆಗೆ ಹೋಗಿ, ಒಗೆಯುವ ಕಲ್ಲಿಗೆ ಬಡಿಯುವಂತೆ ಬಡಿದು ಬಡಿದು ಹಿಟ್ಟು ಕೊಡವಿದರು. ಆಮೇಲೆ ಕೋಟು ಮಡಚಿ ಕಣ್ಣಿಗೊತ್ತಿಕೊಂಡು ವಾಪಸು ಕೊಟ್ಟರು. ಆವತ್ತಿನಿಂದ ದಿನಾ ಬೆಳಿಗ್ಗೆ ಆ ಕೆಲಸ ಅವರದೇ ಆಯಿತು. ಗಿರಣಿಯವನು, "ಅಜ್ಜಿ, ಕೋಟು ಹರಿದೀತು" ಎಂದರೆ, "ನೀ ನಿನ್ನ ಹಿಟ್ಟು ಹಿಡಕೋ" ಎನ್ನುತ್ತಿದ್ದರು.

ಮೈದುನ ಬಿಡುಗಡೆಯಾಗಿ ಮನೆಗೆ ಬಂದಾಗ ಬಾಗಿಲಲ್ಲಿ ಆರತಿ ಎತ್ತಿದೆ. ರೊಟ್ಟಿಯ ಜೊತೆ ಆ ಚಟ್ನಿಪುಡಿಯನ್ನೇ ಬಡಿಸಿದೆ. ವಕೀಲಮ್ಮನೂ ಊಟಕ್ಕೆ ಕುಳಿತಿದ್ದರು. ಅವನು ಮೊದಲ ತುತ್ತು ತಿಂದು, ಎರಡನೆಯದಕ್ಕೆ ಕೈ ಹಾಕದೆ ಮಿಕ್ಸಿಯ ಕಡೆ ನೋಡಿದ.

"ಖಾರ ಜಾಸ್ತಿ ಆತೇನಪ್ಪ?" ಎಂದೆ.

"ಇಲ್ಲ ವೈನಿ. ಅಲ್ಲಿ ನನಗ ಬಾಳ ಅಂಜಿಕಿ ಇತ್ತು. ಗಾಜಿನ ಆಚಿಗೆ ಸಾಹೇಬ್ರು ನಿಂತಿದ್ರು, ಅವರಿಗೆ ಕೇಳೂದಿಲ್ಲಂತ ಕಂಡಿತು. ಆದ್ರ ಮನ್ಯಾಗ ಬಾಗಿಲ ಹಿಂದ ಯಾರು ಅದಾರೋ ಯಾರಿಗೆ ಗೊತ್ತು? ಮೇಡಂ 'ಹೇಳು' ಅಂದ್ರೂ ಬಾಯಿ ಬರಲಿಲ್ಲ. ಅಷ್ಟರಾಗ ಫೋನಿನ್ಯಾಗ ನಮ್ಮ ಮಿಕ್ಸಿ ಸಪ್ಪಳ ಬಂತು. ಆ ಸಪ್ಪಳದಾಗ ನಮ್ಮ ಮನ್ಯಾಗ ಯಾರಿಗೂ ಏನೂ ಕೇಳೂದಿಲ್ಲಂತ ನನಗ ಗೊತ್ತಲ್ಲ. ಆಗ ಹೇಳಿದೆ."

ವಕೀಲಮ್ಮ ತಟ್ಟೆಯಿಂದ ತಲೆಯೆತ್ತದೆ, "ಬೇರಿಂಗ್ ಬದಲಾಯಿಸ್ಬೇಡಮ್ಮ" ಎಂದರು.

ಈಗ ಆಕೆ ತುಮಕೂರು ರಸ್ತೆಯ ಮಾಕಳಿ ಕಡೆ ಆಫೀಸು ಮಾಡಿದ್ದಾರೆ. ಇಟ್ಟಿಗೆ ಗೋಡೆಯಿದೆ, ಗಟ್ಟಿ ಬಾಗಿಲಿದೆ. ಆಕೆ ಹಬ್ಬಕ್ಕೆ ನಮ್ಮ ಮನೆಗೆ ಬಂದಾಗ, ಕೋಟಿನ ಮೇಲೆ ಹಿಟ್ಟಿಲ್ಲ ಎಂದು ಅತ್ತೆ ಬೇಸರಪಟ್ಟರು. ವಕೀಲಮ್ಮನ ಋಣ ತೀರಿಸುವ ಬಗೆ ನನಗೆ ತಿಳಿಯದು. ಶಿವರಾತ್ರಿಗೆ ಅವರ ಹೆಸರಿನಲ್ಲಿ ಒಂದು ಬಿಲ್ವಪತ್ರೆ ಏರಿಸುತ್ತೇನೆ. ಮೈದುನನಿಗೆ ಮದುವೆಯಾಗಿದೆ. ಅವನ ಹೆಂಡತಿ ಇನ್ನೂ ಹೊಸಬಳು. ಒಮ್ಮೊಮ್ಮೆ ತವರಿಂದ ಅವಳ ತಾಯಿಯ ಫೋನು ಬಂದರೆ, ಸ್ಪೀಕರಿಗೆ ಹಾಕುವಂತೆ ಈಗ ನಾವು ಯಾರೂ ಹೇಳುವುದಿಲ್ಲ. ಅವಳು ಅತ್ತಿತ್ತ ನೋಡಿ ದೇವರ ಕೋಣೆಗೆ ಹೋಗಿ ಮೆಲ್ಲಗೆ ಚಿಲಕ ಹಾಕಿಕೊಳ್ಳುತ್ತಾಳೆ. ನಾನು ಎದ್ದು ಹೋಗಿ ಮಿಕ್ಸಿ ಹಚ್ಚುತ್ತೇನೆ. ಜಾರಿನಲ್ಲಿ ಏನೂ ಇರುವುದಿಲ್ಲ.