ನಿದ್ದೆಯಲ್ಲಿ ಪೈಲ್ವಾನ

ಪೈಲ್ವಾನ ಅಂದರೆ ತೊಡೆ ತಟ್ಟಿ ನಿಲ್ಲುವ ಆಳೆಂದು ತಿಳಿಯಬೇಡಿ. ಚಪ್ಪಲಿ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಮೊಣಕಾಲೂರಿ ಕೂತು ಕಂಡಕಂಡವರ ಕಾಲಿಗೆ ಬೂಟು ತೊಡಿಸುತ್ತಿದ್ದ ನರಪೇತಲ ಮನುಷ್ಯ. ಗಿರಾಕಿ ಹತ್ತು ಜೊತೆ ಇಳಿಸಿ, ಒಂದೂ ಕೊಳ್ಳದೆ ಎದ್ದುಹೋದರೂ "ಆಗ್ಲಿ ಸಾರ್, ಇನ್ನೊಂದ್ಸಲ ಬನ್ನಿ" ಅನ್ನುವ ಬಾಯಿ. ಇಂಥವನಿಗೆ ಆ ಹೆಸರಿಟ್ಟವರು ಅವನ ಹೆಂಡತಿಯ ಜೊತೆ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುವ ಹೆಂಗಸರು. ತಪ್ಪು ಅವಳದೇ.

ಅವಳದು ಅಂಗಿಗೆ ಕಾಲರ್ ಕೂರಿಸುವ ಕೆಲಸ. ಮೆಷಿನ್ ಶುರುವಾಗುವ ಮುಂಚಿನ ಹತ್ತು ನಿಮಿಷ ಅವಳದೇ ದರ್ಬಾರು. "ನಿನ್ನೆ ಯಾರ ಜೊತೆ ಕುಸ್ತಿಯೇ ನಿನ್ನ ಪೈಲ್ವಾನಂದು?" ಎಂದು ಒಬ್ಬಳು ಕೆದಕಿದರೆ ಸಾಕು.

"ನಿನ್ನೆ ನಾಯಿ ಕಣ್ರೇ! ಕನಸಲ್ಲಿ ನನ್ನ ಕಚ್ಚೋಕೆ ಬಂತಂತೆ. ಇವರು ಒದ್ದ ಒದೆಗೆ ಗೋಡೆ ಸುಣ್ಣ ಉದುರ್ತು. ಬೆಳಿಗ್ಗೆ ಎದ್ದು, 'ಕಾಲ್ಬೆರಳು ಯಾಕೆ ಊದಿದೆ ನೋಡೇ' ಅಂತ ನನ್ನೇ ಕೇಳ್ತಾರೆ!"

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗಿಸಿದವಳು ಮಾತ್ರ ಒಂಬತ್ತು ವರ್ಷದಿಂದ ಮಂಚದ ಅಂಚಿನಲ್ಲಿ, ನಡುವೆ ಎರಡು ದಿಂಬು ಅಡ್ಡ ಇಟ್ಟು, ಅರೆನಿದ್ದೆಯಲ್ಲೇ ರಾತ್ರಿ ಕಳೆದಿದ್ದಳು. ಅದನ್ನು ಯಾರ ಹತ್ತಿರ ಹೇಳಿ ಅಳುವುದು? ಅತ್ತರೆ ಕಾಲರ್ ಯಾರು ಹೊಲಿಯುತ್ತಾರೆ? ಅದಕ್ಕೇ ನಗೆಯಾಗಿ ಹೇಳಿಬಿಡುತ್ತಿದ್ದಳು.

ಒಂದು ದಿನ ಅವಳು ಬಂದಾಗ ಎಡಗಣ್ಣು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು, ಮುಂದಿನ ಹಲ್ಲು ಅರ್ಧ ಮುರಿದಿತ್ತು. "ಕಳ್ಳ ಬಂದಿದ್ನಂತೆ ಕಣ್ರೇ, ನನ್ನ ಕತ್ತಿಗೆ ಕೈ ಹಾಕಿದ್ನಂತೆ. ಇವರು ಬಿಡ್ತಾರಾ..." ಎಂದು ಎಂದಿನಂತೆ ಶುರುಮಾಡಿದಳು. ಒಬ್ಬರೂ ನಗಲಿಲ್ಲ.

ಇಡೀ ಸಾಲಿನ ಮೇಲ್ವಿಚಾರಕಿಯನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಅವಳು ಇವಳನ್ನು ಬಟ್ಟೆಯ ಥಾನುಗಳ ಹಿಂದಕ್ಕೆ ಎಳೆದುಕೊಂಡು ಹೋದಳು.

"ಇಷ್ಟು ವರ್ಷ ನಮ್ಮನ್ನ ನಗಿಸ್ತಾ ನಗಿಸ್ತಾ ಇದನ್ನ ಮುಚ್ಚಿಟ್ಯಲ್ಲೇ, ಹುಚ್ಚಿ!"

"ಅಯ್ಯೋ ಇಲ್ಲಕ್ಕಾ, ಅವರು ನಿದ್ದೇಲಿ..."

"ನಂಗೂ ಒಬ್ಬ ಇದ್ದ. ನಾನೂ ಬಚ್ಚಲಲ್ಲಿ ಜಾರಿದೆ ಅಂತಿದ್ದೆ."

ಇವಳು ನಿದ್ದೆಯಲ್ಲೇ ಆದದ್ದೆಂದು ಆಣೆ ಹಾಕಿದಳು. ಆಣೆ ಹಾಕಿದಷ್ಟೂ ಅನುಮಾನ ಬಲಿಯಿತು. ಸಂಜೆಯೊಳಗೆ ದೊಡ್ಡಕ್ಕ ಇವಳ ಅಣ್ಣನಿಗೆ ಫೋನು ಮಾಡಿದ್ದಳು.

ಅಣ್ಣ ಲಾರಿ ಮೆಕ್ಯಾನಿಕ್ಕು. ಕೈಯ ಗ್ರೀಸು ಕೂಡ ತೊಳೆಯದೆ ಬಂದ. "ಭಾವ, ನಿಮ್ಮನ್ನ ದೇವರಂಥ ಮನುಷ್ಯ ಅಂದ್ಕೊಂಡಿದ್ದೆ. ಥೂ!" ಎಂದ. ಪೈಲ್ವಾನ ತನ್ನ ಕೈಗಳನ್ನೇ ನೋಡಿಕೊಂಡ.

"ನಿದ್ದೇಲಾದ್ರೂ ಕೈ ನಂದೇ ಅಲ್ವಾ?" ಎಂದ. "ನನ್ನೊಳಗೇ ಎಲ್ಲೋ ಸಿಟ್ಟಿತ್ತೋ ಏನೋ. ನಂಗೇ ಗೊತ್ತಿಲ್ಲ."

ಚಾಪೆ ಸುತ್ತಿಕೊಂಡು ಅಂಗಡಿಯ ಗೋಡೌನಿಗೆ ಹೋಗಿ, ಬೂಟಿನ ಡಬ್ಬಗಳ ನಡುವೆ ಮಲಗತೊಡಗಿದ. ಅಂತೂ ಮಂಚ ಪೂರ್ತಿ ಅವಳದಾಯಿತು. ಆದರೇನು, ಒಂಬತ್ತು ವರ್ಷದ ಅಭ್ಯಾಸ! ಒದೆ ಬೀಳುತ್ತದೆಂದು ಮೈ ತಾನಾಗಿಯೇ ಬೆಚ್ಚಿ ಎಚ್ಚರವಾಗುತ್ತಿತ್ತು. ಹಗಲು ಮೆಷಿನ್ ಮುಂದೆ ತೂಕಡಿಸಿ, ಎರಡು ಸಲ ಕಾಲರನ್ನು ತಲೆಕೆಳಗಾಗಿ ಕೂರಿಸಿದಳು.

ಕೊನೆಗೆ ಅಣ್ಣನ ಮುಂದೆ ಕೂತು ಕಡ್ಡಿ ಮುರಿದಂತೆ ಹೇಳಿದಳು. "ಡಾಕ್ಟ್ರಿಗೆ ತೋರ್ಸೋಣ. ರೋಗ ಅಂದ್ರೆ?"

"ರೋಗ ಅಂದ್ರೆ ನಾನೇ ಭಾವನ ಕಾಲಿಗೆ ಬೀಳ್ತೀನಿ. ಅಲ್ಲಾಂದ್ರೆ ನೀನು ಸುಮ್ನೆ ನನ್ನ ಜೊತೆ ಬರ್ಬೇಕು."

ಅಂದಿನಿಂದ ಅವಳಿಗೆ ಒಂದೇ ಜಪ. ರೋಗ ಅನ್ನಲಿ. ಹೇಗಾದರೂ ಮಾಡಿ ರೋಗ ಅನ್ನಲಿ.

ದೂರದ ದೊಡ್ಡಾಸ್ಪತ್ರೆಯಲ್ಲಿ ಅವನ ತಲೆಗೆ, ಗಲ್ಲಕ್ಕೆ, ಕಾಲಿಗೆ ತಂತಿ ಅಂಟಿಸಿ ಒಂದು ರಾತ್ರಿ ಮಲಗಿಸಿದರು. ಮರುದಿನ ಡಾಕ್ಟರಮ್ಮ ಮೂವರನ್ನೂ ಕೂರಿಸಿಕೊಂಡು ಏನೇನೋ ಕೇಳಿದರು. "ಇವರಿಗೆ ವಾಸನೆ ಸರಿಯಾಗಿ ಗೊತ್ತಾಗುತ್ತಾ?"

"ಎಲ್ಲಿಂದ ಡಾಕ್ಟ್ರೇ! ಮೂಗು ಇರೋದು ಲೆಕ್ಕಕ್ಕೆ ಮಾತ್ರ. ಬೇರೆಯವರು ಓಡಿಹೋಗೋ ಕಾಲ್ಚೀಲದ ಮುಂದೆ ಇವರು ಆರಾಮಾಗಿ ಕೂತಿರ್ತಾರೆ," ಎಂದಳು ಹೆಂಡತಿ.

ಡಾಕ್ಟರಮ್ಮ ನಗಲಿಲ್ಲ, ಬರೆದುಕೊಂಡರು. ಆಮೇಲೆ ಹೇಳಿದರು, "ಕನಸು ಬೀಳೋವಾಗ ನಮ್ಮ ಮೈ ಕಟ್ಟಿಹಾಕಿದ ಹಾಗೆ ಸುಮ್ಮನಿರುತ್ತೆ. ಇವರಲ್ಲಿ ಆ ಕಟ್ಟು ಬಿಚ್ಚಿದೆ. ಕನಸಲ್ಲಿ ಮಾಡಿದ್ದನ್ನ ಕೈಕಾಲೂ ಮಾಡುತ್ತೆ. ಇದು ಸಿಟ್ಟಲ್ಲ, ಕಾಯಿಲೆ."

"ನೋಡಿದ್ಯಾ ಅಣ್ಣ! ನೋಡಿದ್ಯಾ!" ಎಂದು ಅವಳು ಎದ್ದೇಬಿಟ್ಟಳು. ಅಣ್ಣ ತಲೆತಗ್ಗಿಸಿ ಭಾವನ ಎರಡೂ ಕೈ ಹಿಡಿದುಕೊಂಡ.

"ಕೂತ್ಕೊಳ್ಳಿ ಅಮ್ಮ," ಎಂದರು ಡಾಕ್ಟರಮ್ಮ. "ಇನ್ನೂ ಇದೆ. ಇದು ಬಂದವರಲ್ಲಿ ತುಂಬಾ ಜನಕ್ಕೆ ಮುಂದೆ ಮಿದುಳಿನ ಕಾಯಿಲೆ ಬರುತ್ತೆ. ಕೈ ನಡುಗೋದು, ಹೆಜ್ಜೆ ನಿಧಾನ ಆಗೋದು, ಕೆಲವರಿಗೆ ಮರೆವು. ಐದು ವರ್ಷಕ್ಕೋ ಹದಿನೈದಕ್ಕೋ ಹೇಳೋಕಾಗಲ್ಲ. ವಾಸನೆ ಹೋಗಿರೋದೂ ಅದರ ಸೂಚನೆ ಇರಬಹುದು."

"ಅದಕ್ಕೆ ಔಷಧ?" ಎಂದ ಅಣ್ಣ.

"ಒದೆಯೋದು ಕಮ್ಮಿಯಾಗೋಕೆ ಮಾತ್ರೆ ಕೊಡ್ತೀನಿ. ಸದ್ಯಕ್ಕೆ ಬೇರೆ ಬೇರೆ ಹಾಸಿಗೇಲಿ ಮಲಗಿ. ಮುಂದೆ ಬರೋದನ್ನ ತಡೆಯೋಕೆ ಇವತ್ತಿಗೆ ಯಾವ ಔಷಧಾನೂ ಇಲ್ಲ."

ಅವಳು ಕೂತಳು. ಮೂರು ವಾರ ಹಗಲೂ ಇರುಳೂ ಬೇಡಿಕೊಂಡದ್ದು ಇದನ್ನೇ ತಾನೆ? ತನ್ನ ಬಾಯಿಗೆ ಬೆಂಕಿ ಬೀಳಲಿ ಎನ್ನಿಸಿತು. ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಳು. ತಲೆಯೆತ್ತಿ ನೋಡಿದರೆ ಗಂಡನ ಮುಖ ಅರಳಿ ನಿಂತಿದೆ!

"ಏನ್ರೀ, ಒಳಗೆ ಹೇಳಿದ್ದು ನಿಮಗೆ ಕೇಳಿಸ್ಲಿಲ್ವಾ?"

"ಕೇಳಿಸ್ತು ಕಣೇ. ನಡುಗೋದಾದ್ರೆ ನಡುಗ್ಲಿ. ನಿನ್ನ ಹೊಡೆದೋನು ನಾನಲ್ಲ ಅಂತಾಯ್ತಲ್ಲ, ಅಷ್ಟು ಸಾಕು."

"ನಿಮಗೆ ಸಾಕು. ನಂಗೆ?"

ಅವನು ಹತ್ತಿರ ಬಂದ. ಪಕ್ಕದಲ್ಲಿ ಕೂತು, ಬಸ್ಸು ಬರುವವರೆಗೂ ಕೂತೇ ಇದ್ದ.

ಬಸ್ಸಿನಲ್ಲಿ ಅಣ್ಣ ಮುಂದಿನ ಸೀಟು ಹಿಡಿದ. ಇವಳಿಗೆ ಗಂಡನ ಭುಜಕ್ಕೆ ತಲೆ ಆನಿಸಿದ್ದಷ್ಟೇ ಗೊತ್ತು. ಒಂಬತ್ತು ವರ್ಷದ ನಿದ್ದೆ ಒಟ್ಟಿಗೇ ಬಂದು ಬಿತ್ತು. ರಸ್ತೆಯ ಗುಂಡಿಗೂ ಏಳಲಿಲ್ಲ, ಹಾರ್ನಿಗೂ ಏಳಲಿಲ್ಲ. ಎರಡೂವರೆ ಗಂಟೆ ಕಳೆದು ತಮ್ಮ ಸ್ಟಾಪು ಬಂದಾಗ ಅಣ್ಣ ಎಬ್ಬಿಸಿದ.

"ಎದ್ದೇಳೇ. ಭಾವ ಒಂದ್ಸಲಾನೂ ರೆಪ್ಪೆ ಮುಚ್ಚಲಿಲ್ಲ. ತೂಕಡಿಸಿದ್ರೆ ನಿಂಗೆಲ್ಲಿ ಏಟು ಬೀಳುತ್ತೋ ಅಂತ."

ಅವಳು ನೋಡಿದಳು. ಅವನು ಎರಡೂ ಕೈಗಳನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿ, ಬಿಗಿಯಾಗಿ ಅದುಮಿ ಹಿಡಿದು ಕೂತಿದ್ದ. ಬೆರಳುಗಳು ಬಿಳಿಚಿದ್ದವು.

"ಬಿಡ್ರೀ, ಜೋಮು ಹಿಡಿದಿರುತ್ತೆ," ಎಂದು ಅವಳೇ ಆ ಕೈಗಳನ್ನು ಎಳೆದು ಹೊರಗೆ ತೆಗೆದಳು.